ಸೀಮ್ ಮೇಲಿನ ಕುಂಕುಮ

ನಾನು ಏನು ಕೆಲಸ ಮಾಡುತ್ತೇನೆ ಎನ್ನುವುದು ನನ್ನ ನೆಂಟರಲ್ಲಿ ಒಬ್ಬರಿಗೂ ಇವತ್ತಿನವರೆಗೆ ಅರ್ಥವಾಗಿಲ್ಲ. ಪೈಪ್ ಫಿಟ್ಟರ್ ಎಂದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಾಗಲೇ ತಮ್ಮ ಬಚ್ಚಲುಮನೆಯ ಸೋರುವ ನಲ್ಲಿಯ ವಿಷಯ ತೆಗೆಯುತ್ತಾರೆ. ನಲ್ಲಿ ರಿಪೇರಿ ನನಗೆ ಬರುವುದಿಲ್ಲ. ಹೊಸಹಳ್ಳಿಯ ನಮ್ಮ ಬಾಡಿಗೆ ಮನೆಯ ನಲ್ಲಿ ಸೋರಿದರೆ ನಾನೂ ಬೀದಿ ಕೊನೆಯ ಪ್ಲಂಬರನ್ನೇ ಕರೆಯಬೇಕು. ಅವನು ನನ್ನನ್ನು ಕನಿಕರದಿಂದ ನೋಡಿ, ವಾಷರ್ ಬದಲಾಯಿಸಿ ಹೋಗುತ್ತಾನೆ. ನನ್ನದು ಕಾರ್ಖಾನೆಗಳ ಪೈಪಿನ ಕೆಲಸ. ಬಾಯ್ಲರಿನ ಆವಿ ಹರಿಯುವ ದಪ್ಪ ಉಕ್ಕಿನ ಪೈಪುಗಳನ್ನು ಅಳೆದು, ಕತ್ತರಿಸಿ, ಎಲ್ಲಿ ಕವಲು ಬರಬೇಕೋ ಅಲ್ಲಿ ಗುರುತು ಹಾಕಿ ಕೂರಿಸಿ ಕೊಡುವವನು ನಾನು. ಅದನ್ನು ಬೆಸೆಯುವವನು ವೆಲ್ಡರ್.

ಈ ಏರ್ಪಾಟಿನಲ್ಲೇ ಒಂದು ಅನ್ಯಾಯವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜೋಡಣೆ ಕೂದಲೆಳೆಯಷ್ಟು ಓರೆಯಾದರೂ ಬೈಗುಳ ಫಿಟ್ಟರಿಗೆ. ಚೆನ್ನಾಗಿ ಬಂದರೆ ಹೆಸರು ವೆಲ್ಡರಿಗೆ. ಬರೀ ಹೆಸರಲ್ಲ, ನಂಬರು. ಪರೀಕ್ಷೆ ಪಾಸಾದ ಪ್ರತಿ ವೆಲ್ಡರಿಗೂ ಒಂದು ನಂಬರು ಕೊಡುತ್ತಾರೆ. ತಾನು ಬೆಸೆದ ಪ್ರತಿಯೊಂದು ಜಾಯಿಂಟಿನ ಪಕ್ಕದಲ್ಲೂ ಅವನು ಅದನ್ನು ಉಕ್ಕಿನ ಮೇಲೆ ಅಚ್ಚೊತ್ತುತ್ತಾನೆ. ನಾಳೆ ಕಾರ್ಖಾನೆಯೇ ಮುಚ್ಚಿಹೋದರೂ ಆ ನಂಬರು ಉಳಿಯುತ್ತದೆ. ಫಿಟ್ಟರನ ಗುರುತು ಬಳಪದ್ದು. ಗ್ರೈಂಡಿಂಗ್ ಮಾಡುವಾಗಲೇ ಅಳಿಸಿಹೋಗುತ್ತದೆ.

ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ನಮ್ಮ ಶೆಡ್ಡು. ಅಲ್ಲಿ ಆ ನಂಬರನ್ನು ಮೈಮೇಲೆ ಹೊತ್ತುಕೊಂಡಂತೆ ಓಡಾಡುತ್ತಿದ್ದವನು ನಮ್ಮ ಹಿರಿಯ ವೆಲ್ಡರ್. ವಿಜಯನಗರದಲ್ಲೇ ಹುಟ್ಟಿ ಬೆಳೆದವನು. ನನಗಿಂತ ದೊಡ್ಡವನಾದ್ದರಿಂದ ನಾನು ಅಣ್ಣ ಎನ್ನುತ್ತಿದ್ದೆ. ಬೆಳಗ್ಗೆ ನಾನು ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಮುಂದಿನ ಸ್ಟೇಷನ್ನಿನಲ್ಲಿ ಅವನು ಹತ್ತುತ್ತಿದ್ದ, ಕೆಂಗೇರಿಯವರೆಗೂ ತನ್ನ ಕೈಯ ಬಗ್ಗೆಯೇ ಮಾತಾಡುತ್ತಿದ್ದ. ಅವನ ಪ್ರಕಾರ ಅವನ ಬಲಗೈ ಅವನಿಗಿಂತ ಬುದ್ಧಿವಂತ. ಸೀಟು ಸಿಕ್ಕಿದರೆ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದ. ಜನಜಂಗುಳಿಯಲ್ಲಿ ಯಾರಾದರೂ ಅದಕ್ಕೆ ತಾಗಿದರೆ ಮಗುವಿಗೆ ತಾಗಿದಂತೆ ತಿರುಗಿ ನೋಡುತ್ತಿದ್ದ.

ಇಷ್ಟು ಜಂಬದ ಮನುಷ್ಯನಿಗೆ ಒಂದು ಅಭ್ಯಾಸವಿತ್ತು. ದಿನಾ ಬೆಳಗ್ಗೆ ಅವನ ಹೆಂಡತಿ ಹಳೇ ಪೇಪರಿನ ಚೂರಿನಲ್ಲಿ ಚಿಟಿಕೆ ಕುಂಕುಮ ಕಟ್ಟಿ ಅವನ ಜೇಬಿಗೆ ಹಾಕುತ್ತಿದ್ದಳು. ಜಾಯಿಂಟು ಮುಗಿದು, ತಪಾಸಣೆಯೆಲ್ಲ ಆಗಿ, ಇನ್ನೇನು ಪೇಂಟಿಗೆ ಹೋಗಬೇಕು ಎನ್ನುವಾಗ ಅವನು ಉಂಗುರಬೆರಳಿನಿಂದ ಅದರ ಮೇಲೆ ಒಂದು ಬೊಟ್ಟು ಇಡುತ್ತಿದ್ದ. ಪೇಂಟಿನವರು ಅದರ ಮೇಲೆಯೇ ಬಣ್ಣ ಹೊಡೆಯುತ್ತಿದ್ದರು. ಯಾರಿಗೂ ತೊಂದರೆಯಿರಲಿಲ್ಲ. ಆಯುಧಪೂಜೆಯ ದಿನ ಕಂಪ್ಯೂಟರಿಗೇ ಕುಂಬಳಕಾಯಿ ನಿವಾಳಿಸುವ ಊರಿನಲ್ಲಿ ಪೈಪಿಗೆ ಕುಂಕುಮ ಇಟ್ಟರೆ ಯಾರು ಕೇಳುತ್ತಾರೆ.

ಆ ವರ್ಷ ಅವನ ಎರಡು ಜಾಯಿಂಟು ಫೇಲಾದವು. ಮೊದಲ ಸಲ ವೆಲ್ಡಿಂಗ್ ರಾಡಿನಲ್ಲಿ ತೇವ ಇತ್ತು ಎಂದ, ಎರಡನೇ ಸಲ ಕರೆಂಟು ಏರಿಳಿಯುತ್ತಿತ್ತು ಎಂದ, ನಡುವೆ ಫಿಟ್ಟಿಂಗು ಓರೆ ಎಂದು ನನ್ನನ್ನೂ ಎಳೆದ. ನಿಜವಾದ ಕಾರಣವನ್ನು ಮೆಟ್ರೊದಲ್ಲಿ ನನಗೊಬ್ಬನಿಗೇ ಹೇಳಿದ. ಆ ಎರಡೂ ದಿನ ಅವನ ಹೆಂಡತಿ ತವರಿಗೆ ಹೋಗಿದ್ದಳು, ಜೇಬಿನಲ್ಲಿ ಪೊಟ್ಟಣ ಇರಲಿಲ್ಲ. ಹೆಂಡತಿ ಇಲ್ಲದಾಗ ಹೊತ್ತಲ್ಲದ ಹೊತ್ತಿನಲ್ಲಿ ಹೋಟೆಲ್ ಊಟ ಮಾಡಿ, ನಿದ್ದೆಗೆಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ಬಂದಿದ್ದ ಎನ್ನುವುದು ನನ್ನ ಲೆಕ್ಕ. ಹೇಳಿದೆ. ಅವನು ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ ನನ್ನ ಜೊತೆ ಮಾತು ಬಿಟ್ಟ.

ಗಿರಾಕಿಗಳ ಪರವಾಗಿ ನಮ್ಮ ಕೆಲಸ ಪರೀಕ್ಷಿಸಲು ಒಬ್ಬ ಇನ್‌ಸ್ಪೆಕ್ಟರ್ ಬರುತ್ತಾರೆ. ಮೆದುಮಾತಿನ ಮನುಷ್ಯ, ಮಾತಿಗೆ ತಪ್ಪುವವರಲ್ಲ. ಇನ್ನೊಂದು ಜಾಯಿಂಟು ಫೇಲಾದರೆ ಅಣ್ಣನ ನಂಬರು ವಾಪಸ್ಸು ಪಡೆಯುವುದಾಗಿ ಅವರು ಹೇಳಿದರು. ಶೆಡ್ಡಿನ ಓನರು ಅದಕ್ಕೊಂದು ಸಮಾಧಾನವನ್ನೂ ಸೇರಿಸಿದರು. ಕೆಲಸದಿಂದ ತೆಗೆಯುವುದಿಲ್ಲ, ಮುಂದಿನ ಭಾಗದಲ್ಲಿ ಗೇಟು, ಕಿಟಕಿ ಗ್ರಿಲ್ ಮಾಡಿಕೊಂಡಿರಬಹುದು ಎಂದರು.

ಗ್ರಿಲ್ ಎನ್ನುವ ಮಾತು ಅಣ್ಣನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಜೀವನವಿಡೀ ಅವನು ಗ್ರಿಲ್ ಮಾಡುವವರನ್ನು ಹಂಗಿಸಿಕೊಂಡು ಬಂದವನು. ಅಂದಿನಿಂದ ಮೆಟ್ರೊದಲ್ಲಿ ಅವನು ಕೈಯ ಬಗ್ಗೆ ಮಾತಾಡುವುದನ್ನು ನಿಲ್ಲಿಸಿದ. ಅತ್ತಿಗುಪ್ಪೆಯ ಹತ್ತಿರ ರೈಲು ಮನೆಗಳ ಮಹಡಿಗೆ ಸಮವಾಗಿ ಹೋಗುವಾಗ ಸಾಲು ಸಾಲು ಕಿಟಕಿಗಳ ಗ್ರಿಲ್ಲುಗಳನ್ನೇ ನೋಡುತ್ತಿದ್ದ. ನನಗೆ ಪಾಪ ಅನ್ನಿಸಿತು. ಅವನ ಜಂಬ ಎಷ್ಟು ಕಿರಿಕಿರಿ ಮಾಡುತ್ತಿತ್ತೋ, ಅದು ಇಲ್ಲದ ಅವನನ್ನು ನೋಡುವುದು ಅದಕ್ಕಿಂತ ಕಷ್ಟವಾಗಿತ್ತು.

ಆಗ ಬಂದದ್ದು ಸಾಂಬಾರಿನ ಕೆಲಸ. ಕುಂಬಳಗೋಡಿನ ಕಡೆ ಪ್ಯಾಕೆಟ್ ಸಾಂಬಾರು ಮಾಡುವ ಒಂದು ಹೊಸ ಕಾರ್ಖಾನೆ. ದೊಡ್ಡ ದೊಡ್ಡ ಹಂಡೆಗಳಲ್ಲಿ ಬೇಳೆ ಬೇಯಿಸಲು ಆವಿ ಬೇಕು. ಬಾಯ್ಲರಿನಿಂದ ಬಂದ ಆವಿಯನ್ನು ಹಂಚಲು ಕಂಬದ ಹಾಗೆ ನೆಟ್ಟಗೆ ನಿಲ್ಲುವ ದಪ್ಪ ಪೈಪು, ಅದರ ಸುತ್ತ ಬೇರೆ ಬೇರೆ ದಿಕ್ಕಿಗೆ ಕವಲುಗಳು. ಇದನ್ನು ನಾವು ಹೆಡರ್ ಎನ್ನುತ್ತೇವೆ. ಇಂಥ ಪೈಪನ್ನು ಉಕ್ಕಿನ ತಗಡನ್ನು ಚಪಾತಿಯಂತೆ ಸುರುಳಿ ಸುತ್ತಿ, ಎರಡು ಅಂಚನ್ನು ಉದ್ದಕ್ಕೆ ಬೆಸೆದು ಮಾಡಿರುತ್ತಾರೆ. ಆ ಬೆಸುಗೆಯ ಗೆರೆಗೆ ಸೀಮ್ ಎಂದು ಹೆಸರು. ಸೀಮ್ ಮೇಲೆ ತೂತು ಕೊರೆದು ಕವಲು ಕೂರಿಸಬಾರದು. ಒಮ್ಮೆ ಬೆಸೆದ ಜಾಗಕ್ಕೆ ಮತ್ತೆ ಬೆಂಕಿ ತೋರಿಸಿದರೆ ಅದು ಎಲ್ಲಿ ಬಿರುಕು ಬಿಡುತ್ತದೋ ಹೇಳಲಾಗದು. ಹಾಗಾಗಿ ಒಳ್ಳೆಯ ಫಿಟ್ಟರ್ ಮೊದಲು ನೋಡುವುದೇ ಸೀಮನ್ನು ಯಾವ ಕಡೆ ತಿರುಗಿಸಿ ನಿಲ್ಲಿಸಬೇಕು ಎನ್ನುವುದನ್ನು. ನಾನು ಅದನ್ನು ಆಗ್ನೇಯಕ್ಕೆ ತಿರುಗಿಸಿ ನಿಲ್ಲಿಸಿದ್ದೆ. ಡ್ರಾಯಿಂಗಿನಲ್ಲಿ ಕವಲು ಇಲ್ಲದ ದಿಕ್ಕು ಅದೊಂದೇ. ಕವಲುಗಳನ್ನೆಲ್ಲ ಅಣ್ಣ ಬೆಸೆದ, ಎಲ್ಲ ಪಾಸಾದವು, ಅವನ ಮುಖದಲ್ಲಿ ಸ್ವಲ್ಪ ಗೆಲುವು ಬಂತು.

ಅಷ್ಟರಲ್ಲಿ ಸಾಂಬಾರಿನ ಯಜಮಾನರು ವಾಸ್ತು ನೋಡುವವರೊಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಶೆಡ್ಡಿಗೆ ಬಂದರು. ಅವರು ಜೇಬಿನಿಂದ ದಿಕ್ಸೂಚಿ ತೆಗೆದು ಹೆಡರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಉಕ್ಕಿನ ರಾಶಿಯ ನಡುವೆ ದಿಕ್ಸೂಚಿಯ ಮುಳ್ಳು ಬುಗುರಿಯಾಡುತ್ತಿತ್ತು, ಅದು ಅವರಿಗೆ ಅಡ್ಡಿಯಾಗಲಿಲ್ಲ. ಎಲ್ಲ ಸರಿ, ಆದರೆ ಮುಖ್ಯ ಹಂಡೆಗೆ ಹೋಗುವ ಆವಿ ಅಗ್ನಿಮೂಲೆಯಿಂದಲೇ ಹೊರಡಬೇಕು, ಇಲ್ಲದಿದ್ದರೆ ಬೇಳೆ ಬೆಂದರೂ ವ್ಯಾಪಾರ ಬೇಯುವುದಿಲ್ಲ ಎಂದು ಹೇಳಿ, ಸೀಮಿನ ಮೇಲೆ ಬೆರಳಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಅಲ್ಲಿ ಸೀಮ್ ಇದೆ ಎಂದೆ. ಅದನ್ನು ಬೇರೆ ಕಡೆಗೆ ಸರಿಸಿ ಎಂದರು. ಸೀಮ್ ಸರಿಯಬೇಕಾದರೆ ಇಡೀ ಪೈಪು ತಿರುಗಬೇಕು, ಪೈಪು ತಿರುಗಿದರೆ ಉಳಿದ ಕವಲುಗಳೂ ತಿರುಗಿ ಗೋಡೆ ನೋಡುತ್ತವೆ ಎಂದು ವಿವರಿಸಿದೆ. ಹಾಗಾದರೆ ಕವಲನ್ನೇ ಬೆರಳಗಲ ದಕ್ಷಿಣಕ್ಕೆ ಸರಿಸಲೇ ಎಂದು ಕೇಳಿದರೆ, ದಕ್ಷಿಣ ಯಮನ ದಿಕ್ಕು, ತಿನ್ನುವ ಪದಾರ್ಥ ಎಂದು ಹೌಹಾರಿದರು. ಪೂರ್ವಕ್ಕೆ ಸರಿಸಲು ಪಕ್ಕದ ಕವಲು ಬಿಡುತ್ತಿರಲಿಲ್ಲ. ಕೊನೆಗೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ಸೀಮಿನ ದೋಷಕ್ಕೆ ನಿಮ್ಮ ಶಾಸ್ತ್ರದಲ್ಲಿ ಏನಾದರೂ ಪರಿಹಾರ ಇದೆಯೇ ಎಂದು ವಿಚಾರಿಸಿದರು. ಕೇಳಿದ ರೀತಿಯಲ್ಲಿ ತಮಾಷೆ ಇರಲಿಲ್ಲ. ಒಬ್ಬ ಶಾಸ್ತ್ರದವನು ಇನ್ನೊಬ್ಬ ಶಾಸ್ತ್ರದವನನ್ನು ಕೇಳಿದಂತಿತ್ತು.

ಪರಿಹಾರ ಇತ್ತು. ಇನ್‌ಸ್ಪೆಕ್ಟರು ಫೋನಿನಲ್ಲಿ ಯಾರು ಯಾರನ್ನೋ ಕೇಳಿ, ವಿಶೇಷ ಅನುಮತಿ ತಂದರು. ಆ ಜಾಗದ ಸೀಮನ್ನು ಎಕ್ಸ್‌ರೇ ತೆಗೆದು ದೋಷವಿಲ್ಲವೆಂದು ನೋಡಬೇಕು, ಅದರ ಉಬ್ಬನ್ನು ಉಜ್ಜಿ ಸಮ ಮಾಡಬೇಕು, ಕವಲನ್ನು ಒಂದೇ ಸಲಕ್ಕೆ ಬೆಸೆಯಬೇಕು. ತಪ್ಪಿದರೆ ತಿದ್ದುವ ಅವಕಾಶವಿಲ್ಲ. ಇಡೀ ಹೆಡರ್ ಗುಜರಿಗೆ, ಅಣ್ಣನ ನಂಬರು ವಾಪಸ್ಸು.

ಎಕ್ಸ್‌ರೇ ಚೆನ್ನಾಗಿ ಬಂತು. ನಾನು ಸೀಮನ್ನು ಕೈಗೆ ತಾಗದಷ್ಟು ನುಣ್ಣಗೆ ಉಜ್ಜಿ, ತೂತು ಕೊರೆದು, ದಪ್ಪ ಬಳೆಯಂಥ ಫಿಟ್ಟಿಂಗನ್ನು ಅದರ ಮೇಲೆ ಕೂರಿಸಿದೆ. ಜೀವಮಾನದಲ್ಲಿ ಅಷ್ಟು ಜತನದಿಂದ ನಾನು ಏನನ್ನೂ ಕೂರಿಸಿಲ್ಲ. ಅಣ್ಣ ಪಕ್ಕದಲ್ಲೇ ನಿಂತು ನೋಡುತ್ತಿದ್ದ, ಒಂದು ತಪ್ಪನ್ನೂ ಹುಡುಕಲಿಲ್ಲ. ಆಮೇಲೆ ಮುಖಕ್ಕೆ ಗಾಜು ಇಳಿಸಿಕೊಂಡು ಶುರುಮಾಡಿದ. ಫಿಟ್ಟಿಂಗಿನ ಸುತ್ತ ಪದರದ ಮೇಲೆ ಪದರ, ನಡುನಡುವೆ ಆರಲು ಬಿಟ್ಟು ಮತ್ತೆ. ಸೀಮ್ ದಾಟುವ ಎರಡು ಜಾಗ ಬಂದಾಗ ಶೆಡ್ಡಿನಲ್ಲಿ ಉಳಿದವರೆಲ್ಲ ತಮ್ಮ ತಮ್ಮ ಗ್ರೈಂಡರ್ ನಿಲ್ಲಿಸಿದರು. ಯಾರೂ ಹೇಳಿರಲಿಲ್ಲ.

ಮಾರನೇ ದಿನ ಪರೀಕ್ಷೆ. ಇದು ನೋಡಲು ವಿಚಿತ್ರವಾದ ಪರೀಕ್ಷೆ. ಬೆಸುಗೆಯ ಮೇಲೆ ಒಂದು ಕೆಂಪು ದ್ರವ ಸಿಂಪಡಿಸಿ ಬಿಡುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಕೆಂಪು ಅದರೊಳಗೆ ಇಳಿದು ಕೂರುತ್ತದೆ. ಮೇಲಿನದನ್ನು ಒರೆಸಿ ತೆಗೆದು, ಬಿಳಿ ಪುಡಿ ಹೊಡೆದು ಕಾಯುತ್ತಾರೆ. ಒಳಗೆ ಕೂತ ಕೆಂಪು ನಿಧಾನಕ್ಕೆ ಬಿಳಿಯ ಮೇಲೆ ಎದ್ದು ಬಂದರೆ ಫೇಲ್. ಏನೂ ಬರದಿದ್ದರೆ ಪಾಸ್. ದೇವರ ತಲೆಯ ಹೂವು ಬೀಳಲಿ ಎಂದು ಕಾಯುವುದನ್ನು ನೋಡಿದ್ದೇನೆ. ಇಲ್ಲಿ ಏನೂ ಆಗದಿರಲಿ ಎಂದು ಅದೇ ಭಕ್ತಿಯಿಂದ ಕಾಯಬೇಕು.

ಇನ್‌ಸ್ಪೆಕ್ಟರು ಕೆಂಪನ್ನು ಒರೆಸಿ, ಬಿಳಿಯ ಡಬ್ಬ ತರಲು ತಮ್ಮ ಚೀಲದ ಕಡೆ ಹೋದರು. ಬಂದು ಸಿಂಪಡಿಸಿದರು. ಓನರು, ನಾನು, ಅಣ್ಣ, ಗೇಟು ಬಿಟ್ಟು ಬಂದಿದ್ದ ವಾಚ್‌ಮನ್, ಎಲ್ಲರೂ ಬಗ್ಗಿ ನಿಂತೆವು. ಬಿಳಿ ಒಣಗಿತು. ಸ್ವಲ್ಪ ಹೊತ್ತು ಬಿಳಿಯಾಗಿಯೇ ಇತ್ತು. ಆಮೇಲೆ, ಬೆಸುಗೆ ಸೀಮನ್ನು ದಾಟುವ ಜಾಗದಲ್ಲಿ ಸರಿಯಾಗಿ, ದುಂಡಗೆ, ಕೆಂಪಗೆ ಒಂದು ಚುಕ್ಕೆ ಅರಳಿತು.

ಇನ್‌ಸ್ಪೆಕ್ಟರು ಪೆನ್ನಿನ ಕ್ಯಾಪು ತೆಗೆದರು. ಆಗ ಅಣ್ಣ ಬಾಯಿ ಬಿಟ್ಟ.

"ಸಾರ್, ಅದು ಬಿರುಕಲ್ಲ. ನಾನಿಟ್ಟಿದ್ದು. ಕುಂಕುಮ."

ಯಾವಾಗ ಎಂದು ಕೇಳಿದರೆ, ಅವರು ಡಬ್ಬ ತರಲು ತಿರುಗಿದಾಗ ಎಂದ. ಪರೀಕ್ಷೆ ಮುಗಿಯುವವರೆಗೂ ಕಾಯುವಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೆಂಪು ಕಂಡರೆ ಫೇಲ್ ಎನ್ನುವ ಪರೀಕ್ಷೆಯಲ್ಲಿ, ಪಾಸಾಗಲಿ ಎಂದು ಕೆಂಪು ಬೊಟ್ಟು ಇಟ್ಟವನು ಭೂಮಿಯ ಮೇಲೆ ಇವನೊಬ್ಬನೇ ಇರಬೇಕು.

ಇನ್‌ಸ್ಪೆಕ್ಟರು ಒಳ್ಳೆಯವರು. ನಕ್ಕುಬಿಟ್ಟರು. ಪರವಾಗಿಲ್ಲ, ಅದನ್ನು ಒರೆಸಿ ಕ್ಲೀನ್ ಮಾಡಿ, ಇನ್ನೊಂದು ಸಲ ಪರೀಕ್ಷೆ ಮಾಡೋಣ, ನಿಯಮದಲ್ಲಿ ಅವಕಾಶವಿದೆ ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಣ್ಣ ಬಟ್ಟೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಹೆಂಡತಿ ಕೈಯಾರೆ ಕೊಟ್ಟ ಕುಂಕುಮ ಸಾರ್. ನಾನು ಅಳಿಸಲ್ಲ. ಅವಳಿಗೆ ಏನಾದ್ರೂ ಆದ್ರೆ?"

ಇಷ್ಟು ವರ್ಷ ಇಟ್ಟ ಬೊಟ್ಟುಗಳೆಲ್ಲ ಪೇಂಟಿನ ಅಡಿಯಲ್ಲಿ ಹಾಗೇ ಇವೆ, ಒಂದನ್ನೂ ಒರೆಸಿಲ್ಲ ಎಂದ. ನಂಬರು ಹೋಗುತ್ತದೆ, ಗ್ರಿಲ್ ಮಾಡಬೇಕಾಗುತ್ತದೆ ಎಂದು ಓನರು ನೆನಪಿಸಿದರು. ಅಣ್ಣ ಹೆಡರನ್ನು ನೋಡಿದ, ಶೆಡ್ಡಿನ ಮುಂಭಾಗದಲ್ಲಿ ಒರಗಿಸಿಟ್ಟಿದ್ದ ಯಾರದೋ ಮನೆಯ ಗ್ರಿಲ್ಲನ್ನು ನೋಡಿದ. ಗ್ರಿಲ್ ಮಾಡ್ತೀನಿ ಬಿಡಿ ಎಂದ.

ನನಗೆ ತಡೆಯಲಾಗಲಿಲ್ಲ. ನೀನು ಒರೆಸಬೇಡ, ಬೇರೆ ಯಾರಾದರೂ ಒರೆಸುತ್ತಾರೆ ಎಂದು ರೇಗಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓನರಿಗೆ ಆಗಲೇ ಒಂದು ಫೋನ್ ಬಂತು, ಅದು ಬಂದದ್ದು ಅವರೊಬ್ಬರಿಗೇ ಕೇಳಿಸಿತು. ಇನ್‌ಸ್ಪೆಕ್ಟರು ಪರೀಕ್ಷಿಸುವವನು ತಾನೇ ಕ್ಲೀನ್ ಮಾಡಿದರೆ ಅದು ಪಕ್ಷಪಾತವಾಗುತ್ತದೆ ಎಂದರು, ಹಿಂದಿನ ಸಲ ಒರೆಸಿದ್ದು ಅವರೇ. ವಾಚ್‌ಮನ್ ರಾಯಚೂರಿನ ಕಡೆಯವನು, ಅವನ ಕೈಗೆ ಬಟ್ಟೆ ಕೊಡಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ ಸರ್. ನನ್ ಹೇಣ್ತಿ ಊರಾಗ ಒಬ್ಬಾಕಿನ ಅದಾಳ್ರಿ."

ಉಳಿದವನು ನಾನು. ಇಂಥದನ್ನೆಲ್ಲ ನಾನು ನಂಬುವವನಲ್ಲ. ಬಟ್ಟೆ ತೆಗೆದುಕೊಂಡು ಹೆಡರಿನ ಹತ್ತಿರ ಹೋದೆ, ಕೈ ಎತ್ತಿದೆ. ಬೆಳಗ್ಗೆ ತಾನೇ ಗ್ಯಾಸ್ ಸಿಲಿಂಡರ್ ವಿಷಯಕ್ಕೆ ಹೆಂಡತಿಯ ಜೊತೆ ಜಗಳವಾಡಿ, ತಿಂಡಿ ಬಿಟ್ಟು ಬಂದಿದ್ದೆ. ಈಗ ಅವಳಿಗೇನಾದರೂ ಹೆಚ್ಚುಕಮ್ಮಿಯಾದರೆ ಬೇಕಂತಲೇ ಮಾಡಿದೆ ಎಂದು ನನಗೇ ಅನ್ನಿಸುತ್ತದೆ ಎಂಬ ಯೋಚನೆ ಬಂತು. ಕೈ ಇಳಿಸಿದೆ. ಬಾಯ್ಲರಿನ ಒತ್ತಡಕ್ಕೆ ಹೆದರದ ಗಂಡಸರು ಅಷ್ಟು ಜನ, ಸಾಸಿವೆಯಷ್ಟು ಕೆಂಪಿನ ಸುತ್ತ ಬಟ್ಟೆ ಹಿಡಿದುಕೊಂಡು ನಿಂತಿದ್ದೆವು. ಫ್ಯಾನು ತಂದಿಡೋಣ, ತಾನಾಗಿ ಹಾರಿಹೋಗಲಿ ಎಂದು ಓನರು ದೂರದಿಂದಲೇ ಸಲಹೆ ಕೊಟ್ಟರು.

ಕೊನೆಗೆ ನಾನೇ ಹೇಳಿದೆ, ಹೆಂಡತಿಯನ್ನೇ ಒಂದು ಮಾತು ಕೇಳಣ್ಣ ಎಂದು. ಅವನು ಫೋನನ್ನು ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟ. ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅವನು ವಿಷಯವನ್ನು ಮೊದಲಿನಿಂದ, ವಾಸ್ತುವಿನವರಿಂದ ಹಿಡಿದು ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಒರೆಸ್ರಿ. ಅದು ಕುಂಕುಮ ಅಲ್ಲ, ರಂಗೋಲಿಗೆ ತುಂಬೋ ಕೆಂಪು ಪುಡಿ."

"ಇವತ್ತಿಂದು ಮಾತ್ರಾನಾ?"

"ಮೊದಲಿಂದಾನೂ ಅದೇ. ದೇವರ ಕುಂಕುಮಾನ ಗ್ರೀಸ್ ಕೈಲಿ ಕಬ್ಬಿಣಕ್ಕೆ ಬಳೀತೀರ, ಅದರ ಮೇಲೆ ಪೇಂಟ್ ಹೊಡೀತಾರೆ ಅಂತ ನೀವೇ ಹೇಳಿದ್ರಿ. ನಂಗೆ ಮನಸ್ಸು ಬರ್ಲಿಲ್ಲ."

ಸೋಪಿನ ಕಾರ್ಖಾನೆ, ಮಾತ್ರೆಯ ಕಾರ್ಖಾನೆ, ಹಾಲಿನ ಡೈರಿ, ಅವನು ಬೆಸೆದ ಅಷ್ಟೂ ಪೈಪುಗಳು ವಿಜಯನಗರ ಮಾರ್ಕೆಟ್ಟಿನ ರಂಗೋಲಿ ಪುಡಿಯ ಭರವಸೆಯ ಮೇಲೆ ಆವಿ ಹೊತ್ತು ನಿಂತಿದ್ದವು. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಕೈಯ ಬಗ್ಗೆ ಅಷ್ಟು ಜಂಬ ಕೊಚ್ಚಿದವನು ಒಳಗೊಳಗೆ ಒಂದು ದಿನವೂ ಆ ಕೈಯನ್ನು ನಂಬಿರಲಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಆಗ.

ಅವನು ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು ಹೋಗಿ ತಾನೇ ಒರೆಸಿದ. ಬಿಳಿ ಹೋಯಿತು, ಚುಕ್ಕೆ ಹೋಯಿತು. ಇನ್‌ಸ್ಪೆಕ್ಟರು ಮತ್ತೆ ಕೆಂಪು ಸಿಂಪಡಿಸಿದರು, ಕಾದರು, ಒರೆಸಿದರು. ಈ ಸಲ ಬಿಳಿಯ ಡಬ್ಬವನ್ನು ಮೊದಲೇ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಅಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಈಗ ಅವನ ಪಾಲಿಗೆ ಆ ಕೈ ಬಿಟ್ಟರೆ ಬೇರೇನೂ ಇರಲಿಲ್ಲ.

ಬಿಳಿ ಒಣಗಿತು. ಬಿಳಿಯಾಗಿಯೇ ಇತ್ತು. ಇನ್‌ಸ್ಪೆಕ್ಟರು ಭೂತಗನ್ನಡಿ ಹಿಡಿದು ಸುತ್ತಲೂ ನೋಡಿದರು, ಸೀಮ್ ದಾಟುವ ಜಾಗದಲ್ಲಿ ಎರಡೆರಡು ಸಲ ನೋಡಿದರು, ಪಾಸ್ ಎಂದರು. ಓನರಿನ ಫೋನ್ ಮಾತೂ ಆಗಲೇ ಮುಗಿಯಿತು. ನಾನು ಅಣ್ಣನನ್ನು ತಬ್ಬಿಕೊಳ್ಳಬೇಕೆಂದು ಹೋದರೆ ಅವನು ಅಲ್ಲಿರಲಿಲ್ಲ. ಬೆಂಚಿನ ಮೇಲಿಟ್ಟಿದ್ದ ಫೋನಿನ ಮುಂದೆ ಬಗ್ಗಿ ನಿಂತಿದ್ದ. ಅದನ್ನು ಯಾರೂ ಕಟ್ ಮಾಡಿರಲಿಲ್ಲ, ಅವಳೂ ಮಾಡಿರಲಿಲ್ಲ. ಅಷ್ಟು ಹೊತ್ತೂ ಕುಕ್ಕರ್ ಆರಿಸಿ ಕಾದಿದ್ದಳು.

"ಪಾಸಾಯ್ತು ಕಣೇ," ಎಂದ. ಆಮೇಲೆ, "ಅಂದ್ರೆ, ಇಷ್ಟು ವರ್ಷ ಪಾಸಾಗಿದ್ದೆಲ್ಲ ನನ್ನ ಕೈಯಿಂದಾನೇ ಅಂತಾಯ್ತು" ಎಂದ.

"ಇನ್ಯಾರ ಕೈಯಿಂದ ರೀ? ನಿಮ್ಮ ಕೈ ಮೇಲೆ ಅನುಮಾನ ಇದ್ದಿದ್ರೆ ಅಸಲಿ ಕುಂಕುಮಾನೇ ಕಟ್ಟಿಕೊಡ್ತಿದ್ದೆ."

ಅವನು ಹೂಂ ಎಂದು ಫೋನ್ ಇಟ್ಟು, ನಂಬರು ಅಚ್ಚೊತ್ತಲು ಸುತ್ತಿಗೆ ಎತ್ತಿಕೊಂಡ.